ಅಷ್ಟು ದೂರ ಹೋದಮೇಲೆ

ಗ್ಯಾಂಗ್‌ಟಾಕ್ ನೋಡಿ ಬಂದವರು ನಮ್ಮ ಸಿರುಮುಗೈಯಲ್ಲಿ ಇಲ್ಲದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಸಂಸಾರ ಸಮೇತ ಹೋಗಿ ಬಂದಿದ್ದಾರೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಹೋಗಿ ಬಂದು ಫೋಟೊ ತೋರಿಸಿಯೂ ಆಗಿದೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಊರಲ್ಲಿ ಯಾರಿಗೆ ಹಿಮಾಲಯದ ವಿಷಯ ಬೇಕಾದರೂ ನೇರ ಬರುವುದು ಟೂರ್ ಮಾವನ ಜಗಲಿಗೆ. ಟೂರ್ ಮಾವ ಹೋಗಿಲ್ಲ.

ಹೋಗದಿರುವುದೇ ಅವರ ಬಲ. ಹೋಗಿ ಬಂದವರಿಗೆ ತಾವು ಇಳಿದುಕೊಂಡ ಒಂದು ಹೋಟೆಲು, ತಮಗೆ ಹಿಡಿದ ಒಂದು ನೆಗಡಿ, ಇಷ್ಟೇ ಗೊತ್ತು. ಮಾವನಿಗೆ ಎಂ.ಜಿ. ಮಾರ್ಗದ ಹೋಟೆಲುಗಳೆಲ್ಲ ಗೊತ್ತು. ಯಾವುದರಲ್ಲಿ ಬಿಸಿನೀರು ಬೆಳಿಗ್ಗೆ ಮಾತ್ರ, ಯಾವುದರ ಕಿಟಕಿ ತೆರೆದರೆ ಕಾಂಚನಜುಂಗಾ, ಯಾವುದರ ಕಿಟಕಿ ತೆರೆದರೆ ಪಕ್ಕದ ಹೋಟೆಲಿನ ಕಕ್ಕಸಿನ ಪೈಪು, ಎಲ್ಲ ಬಾಯಿಪಾಠ. ಆ ರಸ್ತೆಗೆ ವಾಹನ ಬಿಡುವುದಿಲ್ಲ, ಅಲ್ಲಿ ಉಗುಳಿದರೆ ದಂಡ ಎಂಬುದೂ ಗೊತ್ತು. ಸದಾ ಎಲೆಅಡಿಕೆ ಹಾಕುವ ಮಾವ ಆ ದಂಡದ ವಿಷಯ ಹೇಳುವಾಗ ಒಮ್ಮೆ ಎದ್ದು ಹೋಗಿ, ಚರಂಡಿಗೆ ಉಗಿದು ಬಂದು, "ಅಂಥ ಶುದ್ಧವಾದ ಊರು" ಎಂದು ಮಾತು ಮುಂದುವರಿಸುತ್ತಾರೆ.

ಈ ಜಾತಿಯವರು ಎಲ್ಲ ಊರಲ್ಲೂ ಇದ್ದಾರೆ. ನಿಮ್ಮ ಬೀದಿಯಲ್ಲಿ ಅವರು ನಿವೃತ್ತ ಹೆಡ್‌ಮಾಸ್ಟರ್ ಆಗಿರಬಹುದು, ಎಲ್‌ಐಸಿ ಏಜೆಂಟ್ ಆಗಿರಬಹುದು. ನಮ್ಮಲ್ಲಿ ನೇಕಾರರು. ಹೆಸರು ಬೇಡ; ಬೀದಿಗೆಲ್ಲ ಅವರು ಮಾವ, ಅವರ ಹೆಂಡತಿ ಅತ್ತೆ.

ಗೊತ್ತಿಲ್ಲದವರಿಗೆ ಊರಿನ ಗುರುತು ಹೇಳಿಬಿಡುತ್ತೇನೆ. ಕೊಯಮತ್ತೂರು ಜಿಲ್ಲೆ, ಮೆಟ್ಟುಪಾಳಯಂನಿಂದ ಸತ್ಯಮಂಗಲಕ್ಕೆ ಹೋಗುವ ದಾರಿ, ಭವಾನಿ ಹೊಳೆಯ ಪಕ್ಕ. ತಲೆ ಎತ್ತಿದರೆ ನೀಲಗಿರಿ. ಊರಾಚೆ ಬಾಳೆತೋಟ, ಬಾಳೆತೋಟಕ್ಕೆ ರಾತ್ರಿ ಆನೆ. ಭವಾನಿಸಾಗರ ತುಂಬಿದರೆ ಹಿನ್ನೀರು ಇಲ್ಲಿಯವರೆಗೂ ಬಂದು, ಗಾಂಧವಯಲ್ ಕಡೆಯ ಸೇತುವೆ ಮುಳುಗಿ, ಆಚೆ ದಡದವರು ಹರಿಗೋಲು ಹತ್ತಿದ್ದುಂಟು. ನೇಯುವುದು ಸಾಫ್ಟ್ ಸಿಲ್ಕ್ ಸೀರೆ. ನಾವು ದೇವಾಂಗರು; ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದುಬರಹ ಎಲ್ಲ ತಮಿಳಿನಲ್ಲೇ. ನಮ್ಮ ಹಿರಿಯರು ಹಂಪಿ ಸೀಮೆಯಿಂದ ಮಗ್ಗ ಹೊತ್ತುಕೊಂಡು ಬಂದವರೆಂದು ಮನೆಯಲ್ಲಿ ಹೇಳುತ್ತಾರೆ. ಅವರು ಹೋಟೆಲು ವಿಚಾರಿಸಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದರು.

ಮಾವನ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಒಂದು ಕಡೆಯಿಂದ ಸೊಸೈಟಿಗೆ ಹಾಕಿದ ಸೀರೆಗಳ ಲೆಕ್ಕ. ತಿರುಗಿಸಿ ಹಿಂದಿನಿಂದ ತೆರೆದರೆ ಸಿಕ್ಕಿಂ. ತಮಿಳು ಅಕ್ಷರದಲ್ಲಿ ಕನ್ನಡ. ಈ ವರ್ಷಗಳಲ್ಲಿ ಸಿಕ್ಕಿಂ ಮುಂದೆ ಮುಂದೆ ಬಂದು ಸೀರೆಗಳನ್ನು ಮೂಲೆಗೆ ತಳ್ಳಿದೆ. ಸಿಕ್ಕಿಂ ಭಾರತಕ್ಕೆ ಸೇರಿದ್ದು 1975ರ ಮೇ 16, ಇಪ್ಪತ್ತೆರಡನೇ ರಾಜ್ಯವಾಗಿ. ಗ್ಯಾಂಗ್‌ಟಾಕಿನ ಟಿಬೆಟಾಲಜಿ ಸಂಸ್ಥೆಯನ್ನು ನೆಹರು ಉದ್ಘಾಟಿಸಿದ್ದು 1958. ರುಮ್‌ಟೆಕ್ ಮಠವಿರುವುದು ಊರಿಗೆ ಎದುರು ಗುಡ್ಡದಲ್ಲಿ. ಕಣ್ಣಿಗೆ ಹತ್ತಿರ, ರಸ್ತೆಯಲ್ಲಿ 24 ಕಿಲೋಮೀಟರ್. ಟಿಬೆಟ್ ಬಿಟ್ಟು ಬಂದ ಹದಿನಾರನೇ ಕರ್ಮಪಾ ಅವರು ತಮ್ಮ ತ್ಸುರ್ಫು ಮಠದ ಮಾದರಿಯಲ್ಲಿ ಕಟ್ಟಿಸಿ 1966ರಲ್ಲಿ ಮುಗಿಸಿದ್ದು. ಇದನ್ನೆಲ್ಲ ಮಾವ ಹೇಳುವ ಗತ್ತು ನೋಡಿದರೆ, ಕಲ್ಲು ಗಾರೆ ಹೊತ್ತವರಲ್ಲಿ ಅವರೂ ಒಬ್ಬರಿರಬೇಕು ಅನ್ನಿಸುತ್ತದೆ.

"ಏನ್ ಮಾವ, ಯಾವಾಗ ಹೊರಡದು?"

"ಅಕ್ಟೋಬರ್."

ಇಸವಿ ಹೇಳುವುದಿಲ್ಲ.

ಅಕ್ಟೋಬರನ್ನು ಅವರು ಸುಮ್ಮನೆ ಹಿಡಿದದ್ದಲ್ಲ, ಅದರ ಹಿಂದೆ ದೊಡ್ಡ ವಿಚಾರಣೆ ನಡೆದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ. ಸಿಲಿಗುರಿಯಿಂದ ತೀಸ್ತಾ ದಂಡೆ ಹಿಡಿದು ಹತ್ತುವ ಹತ್ತನೇ ನಂಬರ್ ಹೆದ್ದಾರಿ ಮಳೆಗಾಲದಲ್ಲಿ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಜನವರಿ ಫೆಬ್ರವರಿ ಚಳಿ. ಮಾವನ ಮಂಡಿಗೆ ಆಗದು. ಉಳಿದದ್ದು ಮಾರ್ಚಿಯಿಂದ ಮೇ, ಇಲ್ಲವೇ ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನವರೆಗೆ. ಮಾರ್ಚಿಯಲ್ಲಿ ಮೊಮ್ಮಗನಿಗೆ ಪರೀಕ್ಷೆ, ಏಪ್ರಿಲ್‌ನಲ್ಲಿ ಮಕ್ಕಳಿಗೆಲ್ಲ ರಜ ಬಂದು ರೈಲು ತುಂಬಿರುತ್ತದೆ, ಮೇ ತಿಂಗಳಲ್ಲಿ ಮುಹೂರ್ತಗಳು, ಮುಯ್ಯಿ. ಹಾಗಾಗಿ ಅಕ್ಟೋಬರ್. ಆದರೆ ಅಕ್ಟೋಬರ್‌ನಲ್ಲಿ ದಸರೆ. ಕೊಯಮತ್ತೂರು ಸೀಮೆಯ ದೇವಾಂಗರ ಹುಡುಗರು ಎದೆಗೆ ಕತ್ತಿ ಹೊಡೆದುಕೊಳ್ಳುತ್ತ ಚೌಡೇಶ್ವರಿ ಅಮ್ಮನನ್ನು ಕರೆತರುವ ಹೊತ್ತು. ಆಗ ಊರು ಬಿಟ್ಟು ಬೌದ್ಧರ ಗುಡಿಗೆ ಹೋದರೆ ಅಮ್ಮ ಏನು ತಿಳಿದುಕೊಂಡಾಳು? ದಸರೆ ಮುಗಿದರೆ ದೀಪಾವಳಿ. ನೇಕಾರನ ವರ್ಷದ ಗಂಜಿ ಆ ಸೀರೆಗಳಲ್ಲಿದೆ. ದೀಪಾವಳಿ ಮುಗಿದರೆ ಇಲ್ಲಿ ಹಿಂಗಾರು ಮಳೆ. ಕುಣಿಮಗ್ಗದ ಗುಂಡಿಯಲ್ಲಿ ತೇವ. ಮನೆ ಬೀಗ ಹಾಕಿ ಹೋದರೆ ಹಾಸಿಗೆ ಬೂಷ್ಟು ಹಿಡಿಯುತ್ತದೆ. ಆಡಿ ತಿಂಗಳು ಒಂದೇ ಬಿಡುವು, ಆದರೆ ಆಗ ಹೆದ್ದಾರಿ ಕುಸಿದಿರುತ್ತದೆ. ಸಿಕ್ಕಿಮ್ಮಿನ ಪಂಚಾಂಗಕ್ಕೂ ಸಿರುಮುಗೈ ಪಂಚಾಂಗಕ್ಕೂ ಹೀಗೆ ಮಾವ ಕೂಡಿಸಿ ಕಳೆದು ನೋಡಿ, ಎರಡೂ ಕಡೆ ಬಿಡುವಿರುವ ತಿಂಗಳು ಹನ್ನೆರಡರಲ್ಲಿ ಒಂದೂ ಇಲ್ಲವೆಂದು ಸಾಧಿಸಿದ್ದಾರೆ. ಆದರೂ ಅಕ್ಟೋಬರ್ ಎನ್ನುತ್ತಾರೆ. ಆಸೆ ಎಂದರೆ ಅದು.

ಮಗ್ಗದ ಮಾತು ಪೂರಾ ಸುಳ್ಳಲ್ಲ. ಒಂದು ಹಾಸು ಏರಿಸಿದರೆ ಅದರಲ್ಲಿ ಹಲವು ಸೀರೆ ಇಳಿಯಬೇಕು. ಮುಂಗಡ ಬಂದಿರುತ್ತದೆ, ಬಣ್ಣ ಒಪ್ಪಿಕೊಂಡಿರುತ್ತದೆ, ನಡುವೆ ಬಿಟ್ಟು ಎದ್ದರೆ ಕೂಲಿ ನಿಲ್ಲುತ್ತದೆ. ಹೀಗಿದ್ದೂ ನಮ್ಮ ಬೀದಿಯವರು ಪಳನಿಗೆ ನಡೆದು ಹೋಗುತ್ತಾರೆ, ಮಾಲೆ ಹಾಕಿ ಶಬರಿಮಲೆಗೆ ಹೋಗುತ್ತಾರೆ, ಬಸ್ಸು ಮಾಡಿಕೊಂಡು ಹಂಪಿಯ ಹೇಮಕೂಟದಲ್ಲಿರುವ ನಮ್ಮ ಗಾಯತ್ರಿ ಪೀಠಕ್ಕೂ ಹೋಗಿ ಬರುತ್ತಾರೆ. ಆಗ ಹಾಸು ತಾನಾಗಿ ಕಾದಿರುತ್ತದೆ. ಹಿಮಾಲಯವೆಂದರೆ ಮಾತ್ರ ಹಾಸು ಮುನಿಯುತ್ತದೆ.

2023ರ ಅಕ್ಟೋಬರ್ ಮೊದಲ ವಾರ ಸಿಕ್ಕಿಮ್ಮಿನ ದಕ್ಷಿಣ ಲೊನಾಕ್ ಸರೋವರ ಒಡೆಯಿತು. ತೀಸ್ತಾ ಉಕ್ಕಿ, ಚುಂಗ್‌ಥಾಂಗಿನ ಅಣೆಕಟ್ಟೇ ಕೊಚ್ಚಿಹೋಗಿ, ಕೆಳಗಿನ ಊರುಗಳಿಗೆ ನುಗ್ಗಿತು. "ನೋಡಿದ್ರಾ, ಹೋಗಿದ್ರೆ ನೀವೂ ಸಿಕ್ಕಿಹಾಕ್ಕೊಳ್ತಿದ್ರಿ" ಎಂದು ಯಾರೋ ಹೇಳಲು ಹೋದರು. ಮಾವ ಗದರಿಕೊಂಡರು. ಟಿವಿ ಮುಂದೆ ಕೂತು, ಸಿಂಗ್‌ತಾಮ್, ರಂಗ್ಪೋ ಎಂದು ಒಂದೊಂದು ಊರಿನ ಹೆಸರು ಬಂದಾಗಲೂ "ಅಯ್ಯೋ, ಅಲ್ಲಿ ಸೇತುವೆ ಇತ್ತಲ್ಲ" ಎನ್ನುತ್ತಿದ್ದರು. ಕಾಣದ ಊರಿಗಾಗಿ ಕಣ್ಣು ಒರೆಸಿಕೊಂಡವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಈ ಮನುಷ್ಯನನ್ನು ಬರೀ ಬಾಯಿಮಾತಿನವರೆಂದು ತಳ್ಳಿಹಾಕಲು ನನಗೆ ಆಗದಿರುವುದು ಇದಕ್ಕೇ.

ಇನ್ನು ದಾರಿ. ಕೊಯಮತ್ತೂರಿನಿಂದ ನ್ಯೂ ಜಲ್ಪಾಯ್‌ಗುರಿಗೆ ಗಾಡಿ ಬದಲಿಸುವ ಕೆಲಸವೇ ಇಲ್ಲ. ಕನ್ಯಾಕುಮಾರಿಯಿಂದ ಅಸ್ಸಾಮಿನ ದಿಬ್ರುಗಢಕ್ಕೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್ ನಮ್ಮ ಕೊಯಮತ್ತೂರಿಗೇ ಬಂದು ಹೋಗುತ್ತದೆ. 2011ರಲ್ಲಿ ಶುರುವಾದದ್ದು, ನಾಲ್ಕು ಸಾವಿರ ಕಿಲೋಮೀಟರಿಗೂ ಮೀರಿ ಓಡುತ್ತದೆ, ದೇಶದಲ್ಲಿ ಅದಕ್ಕಿಂತ ಉದ್ದ ಓಡುವ ಗಾಡಿ ಇಲ್ಲ. ಹತ್ತಿ ಕೂತರೆ ಸುಮಾರು ಎರಡು ದಿನದ ಮೇಲೆ ಹಿಮಾಲಯದ ಬುಡ. ಇಷ್ಟು ಸಲೀಸಾದ ದಾರಿ ಇರುವುದು ಮಾವನಿಗೆ ದೊಡ್ಡ ತೊಂದರೆ. ಅದಕ್ಕೆ ಅವರು ರಿಸರ್ವೇಶನ್ ಹಿಡಿದುಕೊಂಡಿದ್ದಾರೆ. ಮೊದಲು 120 ದಿನ ಮುಂಚೆ ಬುಕ್ ಮಾಡಬೇಕಿತ್ತು. ಆಗ ಮಾವ ಹೇಳುತ್ತಿದ್ದರು: "ನಾಲ್ಕು ತಿಂಗಳ ಮುಂಚೆ ಯಾರಪ್ಪ ಬುಕ್ ಮಾಡೋರು? ಅಷ್ಟರೊಳಗೆ ಯಾರಿಗೆ ಏನಾಗ್ತದೋ." 2024ರ ನವೆಂಬರ್ 1ರಿಂದ ರೈಲ್ವೆಯವರು ಅದನ್ನು 60 ದಿನಕ್ಕೆ ಇಳಿಸಿದರು. ಮಾವನಿಗಾಗಿಯೇ ಮಾಡಿದಂತಿತ್ತು. ಮಾವ ಸಿಟ್ಟಾದರು: "ಎರಡೇ ತಿಂಗಳಾ? ಟಿಕೆಟ್ ಸಿಕ್ಕಿ, ರೂಮ್ ಮಾಡಿ, ಬಟ್ಟೆ ಹೊಂದಿಸಿ, ಇಡ್ಲಿಪುಡಿ ಕುಟ್ಟಿ ಹೊರಡಕ್ಕೆ ಎರಡು ತಿಂಗಳು ಸಾಕಾ?"

ವಿಮಾನ ಹಿಡಿಯಬಹುದಲ್ಲ? ಬಾಗ್ಡೋಗ್ರಾದಲ್ಲಿ ಇಳಿದರೆ ಮೇಲಕ್ಕೆ ಮತ್ತೆ ನಾಲ್ಕೈದು ಗಂಟೆ ಕಾರು. ಸಿಕ್ಕಿಮ್ಮಿನೊಳಗೇ ಪಾಕ್ಯೋಂಗ್ ವಿಮಾನನಿಲ್ದಾಣ 2018ರಲ್ಲಿ ಶುರುವಾಯಿತು, ಆದರೆ ಮೋಡ ಕವಿದರೆ ವಿಮಾನ ಇಳಿಯದು. "ಅದೊಂದು ಸರಿಹೋಗಲಿ." ಸೆವೋಕ್‌ನಿಂದ ರಂಗ್ಪೋಗೆ ಸುಮಾರು 45 ಕಿಲೋಮೀಟರ್ ರೈಲು ಹಾಕಲು 2009ರಲ್ಲಿ ಕಲ್ಲು ನೆಟ್ಟು, ಬೆಟ್ಟ ಕೊರೆಯುತ್ತಲೇ ಇದ್ದಾರೆ. "ಅದೂ ಒಂದು ಆಗಿಬಿಡಲಿ." ಭಾರತ ಸರ್ಕಾರದ ಯೋಜನೆಗೂ ಮಾವನ ಯೋಜನೆಗೂ ಹೀಗೆ ಜೊತೆ ಕೂಡಿಬಂದಿದೆ. ಯಾವುದು ಮೊದಲು ಮುಗಿಯುತ್ತದೋ ನೋಡಬೇಕು.

ಸಂಜೆ ಟೀ ಅಂಗಡಿಯಲ್ಲಿ ಕಮಿಟಿ ಸೇರುತ್ತದೆ. ಹತ್ತು ಜನ ಆದರೆ ಟೆಂಪೊ ಟ್ರಾವೆಲರ್, ಆರು ಜನ ಆದರೆ ಇನ್ನೋವಾ. ಬರುತ್ತೇನೆಂದು ಕೈ ಎತ್ತಿದವರು ಯಾವಾಗಲೂ ಎಂಟು ಜನ. ಟ್ರಾವೆಲರ್‌ಗೆ ಕಡಿಮೆ, ಇನ್ನೋವಾಗೆ ಹೆಚ್ಚು. ಎರಡು ಜನರನ್ನು ಹುಡುಕುವ ಕೆಲಸ ಮುಂದಿನ ಸಂಜೆಗೆ. ಮುಂದಿನ ಸಂಜೆ ಆ ಎಂಟರಲ್ಲಿ ಒಬ್ಬರು ಆ ಮಾತು ಆಡಿಬಿಡುತ್ತಾರೆ. ಕನ್ನಡದ ಮನೆಗಳಲ್ಲಿ ಎಷ್ಟೋ ಪ್ರವಾಸಗಳ ಕತ್ತು ಹಿಸುಕಿದ ಮಾತು ಅದು:

"ಅಷ್ಟು ದೂರ ಹೋದಮೇಲೆ ಕಾಶಿ ನೋಡದೆ ಬರದಾ?"

ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಹೌದಲ್ಲ! ಕಾಶಿ ಸೇರುತ್ತದೆ. ಕಾಶಿಗೆ ಹೋದಮೇಲೆ ಗಯೆಯಲ್ಲಿ ಪಿಂಡ ಬಿಡದೆ ಬರುವಂತಿಲ್ಲ. ಗಯೆಯ ಪಕ್ಕದಲ್ಲೇ ಬೋಧಗಯಾ. "ನಾವು ನೋಡಕ್ಕೆ ಹೊರಟಿದ್ದೇ ಬುದ್ಧನ್ನ, ಅವನಿಗೆ ಜ್ಞಾನ ಆದ ಜಾಗನೇ ಬಿಟ್ರೆ ಹೆಂಗೆ?" ಬೋಧಗಯಾ ಸೇರುತ್ತದೆ. ಬರುವ ದಾರಿಯಲ್ಲಿ ಕಲ್ಕತ್ತೆಯ ಕಾಳಿ, ಪುರಿಯ ಜಗನ್ನಾಥ. ಸಿಲಿಗುರಿಯಿಂದ ನೇಪಾಳದ ಗಡಿ ಕೂಗಳತೆ, ಭೂತಾನದ ಗಡಿಯೂ ಬಹಳ ದೂರವಲ್ಲ. "ಅಷ್ಟು ದೂರ ಹೋದಮೇಲೆ ಒಂದು ಫಾರಿನ್ ಆಗಿಬಿಡಲಿ" ಎಂದು ಸೊಸೈಟಿಯ ಗುಮಾಸ್ತರು ಸೂಚಿಸುತ್ತಾರೆ. ನೇಪಾಳ ಭೂತಾನಕ್ಕೆ ನಮಗೆ ವೀಸಾ ಬೇಡ, ಓಟರ್ ಐಡಿ ಸಾಕು ಎಂಬುದನ್ನು ಮಾವ ಪುಸ್ತಕದ ಯಾವ ಪುಟದಲ್ಲಿದೆಯೆಂದು ಹೇಳಿ ತೋರಿಸುತ್ತಾರೆ. ಒಂದು ವಾರದ ಗ್ಯಾಂಗ್‌ಟಾಕ್ ಒಂದು ತಿಂಗಳ ದಿಗ್ವಿಜಯವಾಗುತ್ತದೆ. ಖರ್ಚನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ಒಂದು ಹೊಸ ಮಗ್ಗ, ಅದಕ್ಕೊಂದು ಜಕಾರ್ಡ್, ಮೇಲೆ ಒಂದು ಹಸು. ಟೀ ಲೋಟ ಕೆಳಗಿಟ್ಟು ಎಲ್ಲರೂ ಎದ್ದು ಹೋಗುತ್ತಾರೆ. ಗ್ಯಾಂಗ್‌ಟಾಕ್ ಒಂದೇ ಆಗಿದ್ದರೆ ಹೋಗಿಬಿಡಬಹುದಿತ್ತು ಎಂಬುದು ಕಮಿಟಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಹೊಳೆಯುವುದಿಲ್ಲವೋ, ಹೊಳೆದೂ ಸುಮ್ಮನಿರುತ್ತಾರೋ.

ಅದೇ ಅಂಗಡಿಯ ಪಕ್ಕದಲ್ಲಿ ಪರೋಟ ಹಾಕುವ ಹುಡುಗನೊಬ್ಬ ಸಿಲಿಗುರಿ ಕಡೆಯವನು. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಬಂದು ಇಳಿಯುವ ಸಾವಿರಾರು ಬಂಗಾಳ, ಬಿಹಾರ, ಅಸ್ಸಾಂ ಹುಡುಗರ ಜೊತೆ ಬಂದವನು, ಹೊಲಿಗೆ ಬೇಸರವಾಗಿ ಹಿಟ್ಟು ಹಿಡಿದ. ಮಾವನಿಗೆ ಅವನು ನಿಧಿ. ದಿನಾ ಅವನನ್ನು ನಿಲ್ಲಿಸಿ ತಮಗೆ ಬರುವ ಹಿಂದಿಯಲ್ಲಿ ವಿಚಾರಿಸುತ್ತಾರೆ: ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆಯೇ, ಶೇರ್ ಜೀಪು ಎಷ್ಟು ಹೊತ್ತಿಗೆ ಬಿಡುತ್ತದೆ, ಮುಂದಿನ ಸೀಟಿಗೆ ಹೆಚ್ಚು ಕೇಳುತ್ತಾರೆಯೇ. ಹುಡುಗ ಪರೋಟ ಬೀಸುತ್ತಲೇ "ಹಾಂ ಜೀ, ಹಾಂ ಜೀ" ಎನ್ನುತ್ತಾನೆ. ದುರ್ಗಾಪೂಜೆ ಹತ್ತಿರ ಬಂದರೆ ಒಂದು ಚೀಲ ಹೆಗಲಿಗೇರಿಸಿ, ಅದೇ ವಿವೇಕ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ, ಕೂರಲು ಜಾಗವಿಲ್ಲದೆ ಬಾಗಿಲ ಬಳಿ ಕಾಲು ಮಡಚಿಕೊಂಡು, ಊರಿಗೆ ಹೋಗಿ ಬರುತ್ತಾನೆ. ಅವನಿಗೆ ಪ್ಲಾನೇ ಇಲ್ಲ.

ಮಾವನ ಮೊಮ್ಮಗ ಇಂಜಿನಿಯರಿಂಗ್ ಓದುತ್ತಾನೆ, ಅವನ ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ಮೊಬೈಲ್ ಹಿಡಿದು ಕಮಿಟಿಯ ನಡುವೆ ಬಂದು ನಿಂತ. "ತಾತ, ಗ್ಯಾಂಗ್‌ಟಾಕ್ ಎತ್ತರ ಸುಮಾರು 1,650 ಮೀಟರ್. ನಮ್ಮ ಕೂನೂರು 1,850. ಊಟಿ 2,240. ಡಾರ್ಜಿಲಿಂಗ್ ಕೂಡ ಊಟಿಗಿಂತ ಕೆಳಗೇ ಇದೆ. ಸೂರ್ಯೋದಯ ನೋಡ್ತಾರಲ್ಲ ಆ ಟೈಗರ್ ಹಿಲ್, ಅದಕ್ಕಿಂತ ನಮ್ಮ ದೊಡ್ಡಬೆಟ್ಟನೇ ಎತ್ತರ." ಅಂಗಡಿಯಲ್ಲಿ ಟೀ ಆರಿಸುವ ಸದ್ದೂ ನಿಂತಿತು. ಇಷ್ಟು ವರ್ಷ ತಲೆ ಎತ್ತಿ ಕನಸು ಕಂಡ ಊರು ಅವರ ಹಿತ್ತಲ ಗುಡ್ಡಕ್ಕಿಂತ ಕೆಳಗಿದೆ ಎಂದರೆ! ಮಾವ ಅಡಿಕೆ ಜಗಿಯುತ್ತ ಕೊಂಚ ಹೊತ್ತು ಕೂತಿದ್ದು ಹೇಳಿದರು: "ಅಲ್ಲಿ ಕಿಟಕಿ ತೆಗೆದರೆ 8,586 ಮೀಟರಿನ ಬೆಟ್ಟ ಕಾಣ್ತದೆ. ಊಟಿಯಲ್ಲಿ ಕಿಟಕಿ ತೆಗೆದ್ರೆ ಕ್ಯಾರೆಟ್ ಕಾಣ್ತದೆ." ಮೊಮ್ಮಗ ಸೋತ.

ಆದರೆ ಹುಡುಗ ಎತ್ತಿದ ಇನ್ನೊಂದು ಮಾತಿಗೆ ಉತ್ತರ ಬರಲಿಲ್ಲ. ನಮ್ಮೂರಿನಿಂದ ಮೆಟ್ಟುಪಾಳಯಂ ಟೌನ್ ಬಸ್ಸಿನ ದೂರ. ಅಲ್ಲಿಂದ ಹೊರಡುವ ನೀಲಗಿರಿ ರೈಲು 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿತು. 46 ಕಿಲೋಮೀಟರ್, 16 ಸುರಂಗ, 208 ತಿರುವು. ಕಲ್ಲಾರಿನಿಂದ ಕೂನೂರಿಗೆ ಹಲ್ಲಿನ ಹಳಿ ಕಚ್ಚಿಕೊಂಡು ಉಗಿ ಇಂಜಿನ್ ಹತ್ತುತ್ತದೆ. ಡಾರ್ಜಿಲಿಂಗಿನ ಆಟಿಕೆ ರೈಲು 1881ರದ್ದು, ಎರಡೇ ಅಡಿ ಅಗಲದ ಹಳಿ. ಹಲ್ಲಿಲ್ಲ, ಬೆಟ್ಟವನ್ನು ಸುತ್ತಿ, ಹಿಂದೆ ಮುಂದೆ ಜಗ್ಗಿ ಏರುತ್ತದೆ. ಯುನೆಸ್ಕೊ ಅದನ್ನು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ನಮ್ಮದನ್ನು 2005ರಲ್ಲಿ ಅದರ ಜೊತೆಗಿಟ್ಟಿತು. ಇವೆರಡರ ವ್ಯತ್ಯಾಸವನ್ನು ಮಾವನ ಹಾಗೆ ವಿವರಿಸುವವರು ರೈಲ್ವೆಯಲ್ಲೂ ಸಿಗಲಾರರು. "ತಾತ, ನೀವು ನೀಲಗಿರಿ ರೈಲಾದರೂ ಹತ್ತಿದ್ದೀರಾ?" ಎಂದು ಹುಡುಗ ಕೇಳಿದ. "ಅದು ಇಲ್ಲೇ ಇದೆಯಲ್ಲೋ" ಎಂದರು ಮಾವ. "ಯಾವಾಗ ಬೇಕಾದರೂ ಹೋಗಬಹುದು."

ಸಾಮಾನು ಮಾತ್ರ ತಯಾರು. ತಿರುಪ್ಪೂರಿನಲ್ಲಿ ಎಕ್ಸ್‌ಪೋರ್ಟಿನಿಂದ ತಿರುಗಿ ಬಂದ ಥರ್ಮಲ್ ಒಳ ಅಂಗಿ ಅಗ್ಗಕ್ಕೆ ಸಿಗುತ್ತದೆಂದು ಮನೆಮಂದಿಗೆಲ್ಲ ತಂದರು. ತಂದಾಗ ಮೊಮ್ಮಗನಿಗೆ ಸರಿಯಾಗಿದ್ದದ್ದು ಈಗ ಅವನ ಮೊಣಕೈ ದಾಟುವುದಿಲ್ಲ. ಗಡಿಯಲ್ಲಿರುವ ನಾಥುಲಾ ಕಣಿವೆಯ ಪರ್ಮಿಟ್ಟಿಗೆಂದು ಎಲ್ಲರ ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಸಿಟ್ಟಿದ್ದರು. ಅವು ರೇಷನ್ ಕಾರ್ಡಿಗೆ, ಬ್ಯಾಂಕ್ ಪಾಸ್‌ಬುಕ್ಕಿಗೆ, ಅತ್ತೆಯ ಪಿಂಚಣಿ ಅರ್ಜಿಗೆ ಒಂದೊಂದಾಗಿ ಖರ್ಚಾದವು. ಮಿಕ್ಕಿರುವ ಒಂದರಲ್ಲಿ ಮಾವನ ತಲೆ ಕಪ್ಪಗಿದೆ. ಅದನ್ನು ಗಡಿಯಲ್ಲಿ ತೋರಿಸಿದರೆ ಮಿಲಿಟರಿಯವರು ಬೇರೆ ಯಾರನ್ನೋ ಹುಡುಕಿಯಾರು.

ಸ್ವೆಟರ್ ಒಂದು ಬಾಕಿಯಿತ್ತು. ಚಳಿಗಾಲ ಬಂದರೆ ಟಿಬೆಟಿನವರು ಕೊಯಮತ್ತೂರಿನಲ್ಲಿ ಸಾಲಾಗಿ ಸ್ವೆಟರ್ ಅಂಗಡಿ ಹಾಕುತ್ತಾರೆ. ಮಾವ, ಅತ್ತೆ, ಜೊತೆಗೆ ನಾನು ಹೋದೆವು. ಮಾವ ನಲವತ್ತು ದಾಟಿದ ಒಬ್ಬ ಹೆಂಗಸಿನ ಮುಂದೆ ನಿಂತು, ಸಾಕ್ಷಾತ್ ಹಿಮಾಲಯವೇ ಎದುರಿಗೆ ಬಂದಂತೆ ಕೈ ಮುಗಿದರು. ಆಮೇಲೆ ನಮ್ಮ ಕಡೆ ತಿರುಗಿ, "ಇವಳು ಬೆಲೆ ಜಾಸ್ತಿ ಹೇಳ್ತಾಳೆ, ಅರ್ಧಕ್ಕೆ ಕೇಳಾಣ" ಎಂದು ಮನೆ ಮಾತಿನಲ್ಲಿ ಪಿಸುಗುಟ್ಟಿದರು.

"ಅರ್ಧಕ್ಕೆ ಬರಲ್ಲ ಯಜಮಾನ್ರೆ, ಐವತ್ತು ರೂಪಾಯಿ ಬಿಡ್ತೀನಿ" ಎಂದಳು ಆ ತಾಯಿ. ಅಚ್ಚ ಚಾಮರಾಜನಗರ ಸೀಮೆಯ ಕನ್ನಡ.

ಮಾವನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಆಕೆ ಹುಟ್ಟಿದ್ದು, ಬೆಳೆದದ್ದು, ಜೋಳ ರಾಗಿ ಬೆಳೆಯುವುದು ಎಲ್ಲ ಒಡೆಯರಪಾಳ್ಯದಲ್ಲಂತೆ. ಶಾಲೆಯಲ್ಲಿ ಕನ್ನಡವನ್ನೂ ಓದಿದವಳು. ಅಂದರೆ ಮೂರು ಜನ ಕನ್ನಡದವರ ನಡುವೆ ಕನ್ನಡ ಓದಲು ಬರುವವಳು ಆಕೆಯೊಬ್ಬಳೇ. "ಗ್ಯಾಂಗ್‌ಟಾಕಿನಲ್ಲಿ ಚಳಿ ಹೆಂಗಿರ್ತದೆ?" ಎಂದು ಮಾವ ಆಸೆ ಬಿಡದೆ ಕೇಳಿದರು. "ನನಗೇನು ಗೊತ್ತು? ನಾನು ಆ ಕಡೆ ಹೋದವಳೇ ಅಲ್ಲ" ಎಂದು ನಕ್ಕಳು. "ನಮ್ಮೂರಲ್ಲೇ ದೊಡ್ಡ ಗೊಂಪಾ ಇದೆಯಲ್ಲ, ಸತ್ಯಮಂಗಲದ ಮೇಲೆ ಬನ್ನಿ, ಮಧ್ಯಾಹ್ನದ ಊಟಕ್ಕೆ ಬಂದುಬಿಡ್ತೀರ."

ಕರ್ನಾಟಕದವರಿಗೆ ಬೈಲುಕುಪ್ಪೆ ಗೊತ್ತಿರುತ್ತದೆ. 1961ರಲ್ಲಿ ಶುರುವಾದ ನಿರಾಶ್ರಿತರ ನೆಲೆ, 1963ರ ನಾಮ್‌ಡ್ರೋಲಿಂಗ್ ಮಠ, ಚಿನ್ನದ ಬಣ್ಣದ 60 ಅಡಿಯ ಬುದ್ಧ, ಕುಶಾಲನಗರದ ದಾರಿಯಲ್ಲಿ ಎಲ್ಲರೂ ಇಳಿದು ಫೋಟೊ ತೆಗೆಯುವ ಜಾಗ. ಮುಂಡಗೋಡಿನ ಹೆಸರೂ ಕೇಳಿರುತ್ತಾರೆ. ಕೊಳ್ಳೇಗಾಲದಾಚೆ ಬಿಳಿಗಿರಿಯ ಕಾಡಂಚಿನ ಒಡೆಯರಪಾಳ್ಯ ಅಷ್ಟು ಹೆಸರಾದದ್ದಲ್ಲ. 1970ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿಯನ್ನರು ಅದನ್ನು ಧೊಂಡೆನ್‌ಲಿಂಗ್ ಎನ್ನುತ್ತಾರೆ. ಅಲ್ಲಿಯ ಜೋಗ್ಚೆನ್ ಮಠವನ್ನು ದಲೈಲಾಮಾ ಅವರೇ 1992ರಲ್ಲಿ ಬಂದು ಉದ್ಘಾಟಿಸಿದ್ದು. ಮಾವನ ಪುಸ್ತಕದಲ್ಲಿ ಇದರ ಒಂದಕ್ಷರವಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಮಾವ ಮಾತಾಡಲಿಲ್ಲ. ಅವರ ದುಃಖ ನನಗೆ ಅರ್ಥವಾಯಿತು. ಬೆಳಿಗ್ಗೆ ಎದ್ದು ಹೊರಟರೆ ಊಟದ ಹೊತ್ತಿಗೆ ತಲುಪುವ ಊರನ್ನು ಇಟ್ಟುಕೊಂಡು ಏನು ಪ್ಲಾನ್ ಮಾಡುವುದು? ಪರ್ಮಿಟ್ ಇಲ್ಲ, ರಿಸರ್ವೇಶನ್ ಇಲ್ಲ, ಕುಸಿಯುವ ಹೆದ್ದಾರಿ ಇಲ್ಲ. ಅತ್ತೆ ಮಾತ್ರ ಕಿಟಕಿಯಾಚೆ ನೋಡುತ್ತ ಏನೋ ಎಣಿಸುತ್ತಿದ್ದರು. ಇಷ್ಟು ವರ್ಷ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತ ಆ ಸಿಕ್ಕಿಂ ಪುರಾಣವನ್ನೆಲ್ಲ ಕೇಳಿಸಿಕೊಂಡವರು ಅವರು. ಅದರ ಬಗ್ಗೆ ಅವರು ಆಡಿದ್ದು ಒಂದೇ ಮಾತು: "ಮೊದಲು ಕೊಯಮತ್ತೂರು ಸ್ಟೇಷನ್ ತನಕ ಹೋಗಲಿ."

ಅತ್ತೆ ಕಮಿಟಿ ಕರೆಯಲಿಲ್ಲ. ಮಹಿಳಾ ಸಂಘದ ನಾಲ್ಕು ಮನೆಗೆ ಹೇಳಿದರು, ವ್ಯಾನಿನವನಿಗೆ ಅಡ್ವಾನ್ಸ್ ಕೊಟ್ಟರು, ಹಿಂದಿನ ರಾತ್ರಿ ಹುಳಿಯನ್ನ ಕಲಸಿದರು, ಬೆಳಗಿನ ಜಾವ ಮಾವನನ್ನು ಎಬ್ಬಿಸಿ "ಸ್ನಾನ ಮಾಡಿ" ಎಂದರು. ಯಾಕೆಂದು ಕೇಳುವಷ್ಟರಲ್ಲಿ ವ್ಯಾನು ಬಾಗಿಲಲ್ಲಿ. ಮಗ್ಗದ ಮೇಲೆ ಹಾಸು ಇತ್ತು. ಅದರ ಮೇಲೊಂದು ಪಂಚೆ ಹೊದಿಸಿ ಅತ್ತೆ ಬೀಗ ಹಾಕಿದರು.

ಬನ್ನಾರಿ ಅಮ್ಮನಿಗೆ ಕೈ ಮುಗಿದು ದಿಂಬಂ ಘಾಟಿ ಹತ್ತಿದೆವು. ಇಪ್ಪತ್ತೇಳು ಹೇರ್‌ಪಿನ್ ತಿರುವು. ಕಾಡುಪ್ರಾಣಿಗಳಿಗಾಗಿ ರಾತ್ರಿ ಸಂಚಾರ ನಿಲ್ಲಿಸಿರುವ ರಸ್ತೆ. ಡ್ರೈವರ್ ಪಕ್ಕದಲ್ಲಿ ಕೂತ ಮಾವ ಒಂದೊಂದು ತಿರುವಿನಲ್ಲೂ ತೀಸ್ತಾ ಕಣಿವೆಯ ತಿರುವನ್ನು ವರ್ಣಿಸಿದರು. ಹಾಸನೂರಿನಲ್ಲಿ ಎದುರಿಗೆ ಆನೆ ನಿಂತಿತ್ತು. ಮಾವ ಯಾಕ್ ಮೃಗದ ಸ್ವಭಾವದ ಬಗ್ಗೆ ಹೇಳುತ್ತಿದ್ದರು. ಒಡೆಯರಪಾಳ್ಯದಲ್ಲಿ ಇಳಿದಾಗ ಗಾಳಿಗೆ ಬಣ್ಣದ ಪ್ರಾರ್ಥನಾ ಪತಾಕೆಗಳು ಪಟಪಟ ಅನ್ನುತ್ತಿದ್ದವು. ಒಳಗೆ ನಗಾರಿ, ಉದ್ದನೆಯ ಕಹಳೆ, ಬೆಣ್ಣೆ ದೀಪ, ಗೋಡೆ ತುಂಬ ಚಿತ್ರ. ಅತ್ತೆ ನೇರ ಹೋಗಿ ಬುದ್ಧನ ಮುಂದೆ ನಿಂತು, ಚೌಡಮ್ಮನಿಗೆ ಕೈ ಮುಗಿಯುವ ಹಾಗೆಯೇ ಮುಗಿದರು, ಸೆರಗಿನ ಗಂಟಿನಿಂದ ಹತ್ತು ರೂಪಾಯಿ ತೆಗೆದು ಹುಂಡಿಗೆ ಹಾಕಿದರು, ಬಂದು ನೆರಳಲ್ಲಿ ಕೂತು ಹುಳಿಯನ್ನದ ಡಬ್ಬಿ ತೆರೆದರು.

ಮಾವ ಒಬ್ಬ ಎಳೆಯ ಭಿಕ್ಷುವನ್ನು ಹಿಡಿದುಕೊಂಡಿದ್ದರು. ರುಮ್‌ಟೆಕ್ ಯಾವ ಪಂಥ, ಕರ್ಮಪಾ ಅವರ ಕಪ್ಪು ಕಿರೀಟ ಯಾವುದು, ನಾಥುಲಾ 4,310 ಮೀಟರ್, ಅಲ್ಲಿ ಉಸಿರು ಕಟ್ಟಿದರೆ ಏನು ಮಾಡಬೇಕು. ಹುಡುಗ ಕಣ್ಣರಳಿಸಿ ಕೇಳುತ್ತಿದ್ದ. ಅವನು ಸಿಕ್ಕಿಂ ನೋಡಿರಲಿಲ್ಲ.

"ನೀವು ಯಾವಾಗ ಹೋಗಿದ್ದು ತಾತ?" ಎಂದ ಕನ್ನಡದಲ್ಲಿ.

"ಅಕ್ಟೋಬರ್" ಎಂದರು ಮಾವ.

ಈಗ ನಮ್ಮ ಬೀದಿಯ ಹೆಂಗಸರು ಅತ್ತೆಯ ಮುಂದಾಳತ್ವದಲ್ಲಿ ಬೈಲುಕುಪ್ಪೆಗೆ ಹೋಗಿ ಬಂದಿದ್ದಾರೆ, ಮುಂಡಗೋಡಿನ ಮಾತೂ ನಡೆದಿದೆ. ಮಾವ ಒಡೆಯರಪಾಳ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಿಮ ಇರಲಿಲ್ಲವಲ್ಲ. ಪುಸ್ತಕದಲ್ಲಿ ಗ್ಯಾಂಗ್‌ಟಾಕ್ ಮುಗಿದು ಲಡಾಖ್ ಶುರುವಾಗಿದೆ.

ನಿಮಗೆ ಸಿಕ್ಕಿಂ ಕಡೆ ಹೊರಡುವ ಮನಸ್ಸಿದ್ದರೆ ಸಿರುಮುಗೈಗೆ ಬಂದು ಮಾವನನ್ನು ಕಾಣಿ. ನಾಥುಲಾ ಸೋಮವಾರ, ಮಂಗಳವಾರ ಮುಚ್ಚಿರುತ್ತದೆ, ಪರ್ಮಿಟ್ಟಿಗೆ ಫೋಟೊ ಬೇಕು, ಮಳೆಗಾಲದಲ್ಲಿ ಹೋಗಬೇಡಿ ಎಂಬುದರಿಂದ ಹಿಡಿದು ಎಲ್ಲ ಹೇಳುತ್ತಾರೆ, ಟೀ ಕೊಡಿಸುತ್ತಾರೆ. ಬರೆದುಕೊಳ್ಳಿ. ಟಿಕೆಟ್ ಮಾತ್ರ ಅವರ ಕಮಿಟಿ ಸೇರುವುದಕ್ಕೆ ಮುಂಚೆಯೇ ತೆಗೆದುಬಿಡಿ.